ನೆಟ್ ಬರುತ್ತದೆ, ಸರ್ವರ್ ಬರುವುದಿಲ್ಲ

ವಿಂಡೋಸ್ 10ರ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಎಂಟು ಹತ್ತು ವರ್ಷ ದುಡಿದ ಯಂತ್ರಗಳಿಗೆ ವಿಂಡೋಸ್ 11 ಹಾಕೋಣ ಎಂದರೆ ಅದಕ್ಕೆ ಟಿಪಿಎಂ 2.0 ಎಂಬ ಭದ್ರತಾ ಚಿಪ್ ಬೇಕು, ಇಂಟೆಲ್ ಆದರೆ ಎಂಟನೇ ತಲೆಮಾರಿನ ಪ್ರೊಸೆಸರ್ ಆದರೂ ಬೇಕು. ಹಾಗಾಗಿ ಬೆಂಗಳೂರಿನ ಎಸ್.ಪಿ. ರಸ್ತೆಯಿಂದ ಹಿಡಿದು ಜಿಲ್ಲಾ ಕೇಂದ್ರಗಳ ಕಂಪ್ಯೂಟರ್ ಅಂಗಡಿಗಳವರೆಗೆ ಎಲ್ಲೆಡೆಯಿಂದ ಹೊಸ ಯಂತ್ರಗಳು ಮಂಡಿ, ಆಡಿಟರ್ ಕಚೇರಿ, ನರ್ಸಿಂಗ್ ಹೋಂ, ಪ್ರಿಂಟಿಂಗ್ ಪ್ರೆಸ್‌ಗಳಿಗೆ ಹೊರಟವು. ಪೆಟ್ಟಿಗೆ ಬಿಚ್ಚಿ, ವೈಫೈ ಹಾಕಿ, ಯೂಟ್ಯೂಬ್ ಓಡಿಸಿ ನೋಡುವ ತನಕ ಎಲ್ಲವೂ ಸರಿಯಾಗಿರುತ್ತದೆ. ಲೆಕ್ಕ ಬರೆಯುವವರು ಟ್ಯಾಲಿ ತೆರೆದು ಮೂಲೆಯ ಸರ್ವರ್‌ನಲ್ಲಿರುವ ಡೇಟಾ ಹುಡುಕಿದಾಗ ರಗಳೆ ಶುರು. ನೆಟ್ ಬರುತ್ತದೆ, ಸರ್ವರ್ ಬರುವುದಿಲ್ಲ.

ಮುಂದಿನದು ಯಾವ ಊರಲ್ಲಾದರೂ ಹೆಚ್ಚುಕಡಿಮೆ ಒಂದೇ. ಸರ್ವಿಸ್ ಹುಡುಗನಿಗೆ ಫೋನ್ ಹೋಗುತ್ತದೆ. ಅವನು ಎನಿಡೆಸ್ಕ್‌ನಲ್ಲಿ ಒಳಬಂದು ಫೈರ್‌ವಾಲ್ ಆಫ್ ಮಾಡುತ್ತಾನೆ, ಆಂಟಿವೈರಸ್ ತೆಗೆಯುತ್ತಾನೆ, ಶೇರಿಂಗ್ ಪುಟದಲ್ಲಿ ಕಾಣುವ ಗುಂಡಿಗಳನ್ನೆಲ್ಲ ಒತ್ತುತ್ತಾನೆ. ಅದಕ್ಕೂ ಬಗ್ಗದಿದ್ದರೆ ಫಾರ್ಮ್ಯಾಟ್. ಕೊನೆಗೆ ‘ಹೊಸ ಸಿಸ್ಟಂನಲ್ಲೇ ಏನೋ ಪ್ರಾಬ್ಲಂ ಸಾರ್, ಹಳೇದು ಚೆನ್ನಾಗೇ ಓಡ್ತಿತ್ತಲ್ಲ’ ಎಂಬ ತೀರ್ಪು. ಧಣಿಗಳೂ ತಲೆಯಾಡಿಸುತ್ತಾರೆ. ಹಳೆಯದು ಓಡುತ್ತಿದ್ದದ್ದು ನಿಜ. ಬಾಗಿಲಿಗೆ ಚಿಲಕವೇ ಇಲ್ಲದ ಮನೆಯೊಳಗೆ ಓಡಾಡುವುದು ಸಲೀಸು ತಾನೇ! ಹೊಸ ಯಂತ್ರ ಆ ಸಡಿಲವನ್ನು ಒಪ್ಪುತ್ತಿಲ್ಲ, ಅಷ್ಟೆ. ರಿಪೇರಿ ಆಗಬೇಕಾದದ್ದು ಬಹುತೇಕ ಸರ್ವರ್ ಕಡೆ. ಹೊಸದನ್ನು ಹಳೆಯದರ ಮಟ್ಟಕ್ಕೆ ಇಳಿಸಿ ‘ಆಯ್ತು ಸಾರ್’ ಎಂದು ಎದ್ದುಹೋಗುವ ರೂಢಿ ಇನ್ನಾದರೂ ನಿಲ್ಲಬೇಕು.

ಸಣ್ಣ ವ್ಯಾಪಾರದಲ್ಲಿ ಸರ್ವರ್ ಅಂದರೆ ಏನು ಎಂಬುದನ್ನು ಮೊದಲು ನೋಡಬೇಕು. ಎಷ್ಟೋ ಕಡೆ ಅದು ಯುಪಿಎಸ್ ಪಕ್ಕ, ದೇವರ ಫೋಟೊ ಕೆಳಗೆ ಕುಳಿತ ಮಾಮೂಲಿ ಡೆಸ್ಕ್‌ಟಾಪ್. ಕೆಲವು ಕಡೆ ಅದಕ್ಕೆ ಮಾನಿಟರ್ ಕೂಡ ಇರುವುದಿಲ್ಲ. ಅದರಲ್ಲೊಂದು ಫೋಲ್ಡರ್; ಆ ಫೋಲ್ಡರ್‌ನಲ್ಲಿ ವರ್ಷಗಳ ಲೆಕ್ಕ. ಟ್ಯಾಲಿಯನ್ನು ಶ್ಯಾಮ್ ಸುಂದರ್ ಗೋಯೆಂಕಾ ಮತ್ತು ಅವರ ಮಗ ಭರತ್ ಗೋಯೆಂಕಾ 1986ರಲ್ಲಿ ಆರಂಭಿಸಿದರು. ಬೆಂಗಳೂರು ಕೇಂದ್ರವಾಗಿರುವ ಆ ಕಂಪನಿಯ ತಂತ್ರಾಂಶ ಇಂದು ಕಿರಾಣಿ ಸಗಟು ಅಂಗಡಿಯಿಂದ ಅಡಿಕೆ ಮಂಡಿಯವರೆಗೆ ಹಬ್ಬಿದೆ. ಸಿಲ್ವರ್ ಲೈಸನ್ಸ್ ಒಬ್ಬರಿಗೆ, ಗೋಲ್ಡ್ ಲೈಸನ್ಸ್ ಒಂದೇ ಲ್ಯಾನ್‌ನಲ್ಲಿರುವ ಹಲವರಿಗೆ. ಗೋಲ್ಡ್ ತೆಗೆದುಕೊಂಡ ದಿನದಿಂದ ಆ ಕಚೇರಿಗೆ ನೆಟ್‌ವರ್ಕ್ ಎಂಬುದೊಂದು ಬಂತು. ಅದನ್ನು ನೋಡಿಕೊಳ್ಳುವವರು ಮಾತ್ರ ಬರಲಿಲ್ಲ.

ಮಾಮೂಲಿ ಡೆಸ್ಕ್‌ಟಾಪನ್ನು ಸರ್ವರ್ ಮಾಡಬಾರದೆಂದೇನೂ ಇಲ್ಲ. ಅದರ ಮಿತಿಗಳು ಗೊತ್ತಿರಬೇಕು. ವಿಂಡೋಸ್ 10, 11ರಂಥ ಸಾಧಾರಣ ವಿಂಡೋಸ್‌ಗೆ ಒಂದೇ ಸಲಕ್ಕೆ 20 ಸಾಧನಗಳು ಮಾತ್ರ ಜೋಡಿಸಿಕೊಳ್ಳಬಹುದು. ಅರ್ಧ ಗಂಟೆ ಯಾರೂ ಮುಟ್ಟದಿದ್ದರೆ ಅದು ನಿದ್ದೆಗೆ ಜಾರಬಹುದು. ಬೆಳಿಗ್ಗೆ ಸಿಕ್ಕ ಸರ್ವರ್ ಊಟದ ಹೊತ್ತಿಗೆ ಮಾಯವಾಗುವುದು ಎಷ್ಟೋ ಸಲ ಈ ಸ್ಲೀಪ್ ಸೆಟ್ಟಿಂಗ್‌ನಿಂದ. ಇನ್ನು ಕರೆಂಟು. ರೂಟರ್ ಯುಪಿಎಸ್‌ಗೆ ಸೇರಿರುವುದಿಲ್ಲ, ಲೈನ್ ಹೋಗಿ ಬಂದಾಗ ಅದು ಹೊಸದಾಗಿ ವಿಳಾಸ ಹಂಚುತ್ತದೆ. ನಿನ್ನೆ 192.168.1.10 ಆಗಿದ್ದ ಸರ್ವರ್ ಇವತ್ತು 192.168.1.14. ಹಳೆಯ ಅಂಕಿಯನ್ನೇ ಹಿಡಿದು ಕುಳಿತ ಶಾರ್ಟ್‌ಕಟ್‌ಗಳೆಲ್ಲ ಸತ್ತಂತೆ. ರೂಟರ್‌ನಲ್ಲಿ ಸರ್ವರ್‌ಗೆ ಒಂದು ವಿಳಾಸವನ್ನು ಕಾಯಂ ಮಾಡಿಡುವುದು ಐದು ನಿಮಿಷದ ಕೆಲಸ.

ಹೊಸ ಕಂಪ್ಯೂಟರ್ ಬಂದಾಗ ಎದುರಾಗುವ ಮೊದಲ ತೊಡಕು ಎಲ್ಲಕ್ಕಿಂತ ಸುಲಭದ್ದು, ಎಲ್ಲಕ್ಕಿಂತ ಹೆಚ್ಚು ಹೊತ್ತು ತಿನ್ನುವುದೂ ಅದೇ. ಈಗಿನ ತೆಳು ಲ್ಯಾಪ್‌ಟಾಪ್‌ಗಳಲ್ಲಿ ಲ್ಯಾನ್ ಕೇಬಲ್ ಚುಚ್ಚುವ ಜಾಗವೇ ಇರುವುದಿಲ್ಲ. ಹಾಗಾಗಿ ಅದು ವೈಫೈಗೆ ಹೋಗುತ್ತದೆ. ಯಾವ ವೈಫೈ? ಫೈಬರ್ ಕಂಪನಿಯವರು ಗೋಡೆಗೆ ಹೊಡೆದು ಹೋದ ಪೆಟ್ಟಿಗೆಯದ್ದು. ಸರ್ವರ್ ಇರುವುದು ವರ್ಷಗಳ ಹಿಂದೆ ಕಚೇರಿಯವರೇ ಕೊಂಡು ಹಾಕಿದ ಇನ್ನೊಂದು ರೂಟರ್‌ನ ಹಿಂದೆ. ಎರಡರಲ್ಲೂ ಇಂಟರ್‌ನೆಟ್ ಬರುತ್ತದೆ, ಆದರೆ ಒಂದು 192.168.1 ಎಂದು ವಿಳಾಸ ಹಂಚುತ್ತದೆ, ಇನ್ನೊಂದು 192.168.0 ಎಂದು. ಒಂದೇ ಕೋಣೆಯ ಎರಡು ಯಂತ್ರಗಳು ಬೇರೆ ಬೇರೆ ನೆಟ್‌ವರ್ಕ್‌ನಲ್ಲಿರುತ್ತವೆ. ‘ನೆಟ್ ಬರ್ತಿದೆಯಲ್ಲ, ಅಂದ್ಮೇಲೆ ನೆಟ್‌ವರ್ಕ್ ಸರಿ ಇದೆ’ ಎಂಬ ಮಾತು ಇಲ್ಲಿ ಎಡವುತ್ತದೆ. ಗ್ರಾಹಕರಿಗೆಂದು ಇಟ್ಟ ಗೆಸ್ಟ್ ವೈಫೈಗೆ ಸೇರಿದರೂ ಇದೇ ಪಾಡು. ಒಳಗಿನ ಯಂತ್ರಗಳನ್ನು ಕಾಣಿಸಬಾರದೆಂದೇ ಅದನ್ನು ಮಾಡಿರುವುದು.

ಕಮಾಂಡ್ ಪ್ರಾಂಪ್ಟ್‌ನ ಕಪ್ಪು ಕಿಟಕಿಯಲ್ಲಿ ಐಪಿಕಾನ್ಫಿಗ್ ಎಂದು ಹೊಡೆದರೆ ಈ ಗುಟ್ಟು ಬಯಲಾಗುತ್ತದೆ. ಎರಡೂ ಯಂತ್ರಗಳಲ್ಲಿ ಹೊಡೆದು ಅಂಕಿಗಳನ್ನು ಪಕ್ಕಪಕ್ಕ ಇಟ್ಟು ನೋಡಬೇಕು. 169.254ರಿಂದ ಶುರುವಾಗುವ ವಿಳಾಸ ಕಂಡರೆ ಆ ಯಂತ್ರಕ್ಕೆ ರೂಟರ್‌ನಿಂದ ವಿಳಾಸವೇ ಸಿಕ್ಕಿಲ್ಲ, ತನಗೆ ತಾನೇ ಒಂದನ್ನು ಇಟ್ಟುಕೊಂಡಿದೆ ಎಂದರ್ಥ. ಕೇಬಲ್, ಸ್ವಿಚ್ ಅಥವಾ ರೂಟರ್ ಕಡೆ ನೋಡಬೇಕು. ಅಂಕಿ ಸರಿಯಿದ್ದು, ಸರ್ವರ್‌ನ ಹೆಸರು ಹೊಡೆದರೆ ತೆರೆಯದೆ ಐಪಿ ಹೊಡೆದರೆ ತೆರೆದರೆ, ತಪ್ಪು ಹೆಸರು ಹುಡುಕುವ ವ್ಯವಸ್ಥೆಯಲ್ಲಿದೆ. ಹೊಸ ನೆಟ್‌ವರ್ಕನ್ನು ವಿಂಡೋಸ್ 11 ತಾನಾಗಿ ‘ಪಬ್ಲಿಕ್’ ಎಂದು ಗುರುತಿಸುವುದರಿಂದ ಅಕ್ಕಪಕ್ಕದ ಯಂತ್ರಗಳು ಕಾಣದಿರಬಹುದು. ಕಚೇರಿಯೊಳಗೆ ಅದನ್ನು ‘ಪ್ರೈವೇಟ್’ ಮಾಡಿದರೆ ಸಾಕು. ಇಷ್ಟಕ್ಕೆ ಫೈರ್‌ವಾಲ್ ಪೂರ್ತಿ ಕಿತ್ತುಹಾಕುವವರ ಅವಸರಕ್ಕೆ ಅರ್ಥವಿಲ್ಲ.

ನಿಜವಾದ ಜಗಳ ಇದರಾಚೆ ಇದೆ.

2024ರ ಅಕ್ಟೋಬರ್‌ನಲ್ಲಿ ಬಂದ ವಿಂಡೋಸ್ 11ರ 24ಎಚ್2 ಆವೃತ್ತಿ ಎರಡು ನಿಯಮಗಳನ್ನು ಸದ್ದಿಲ್ಲದೆ ಬಿಗಿಗೊಳಿಸಿತು. ಪ್ರೊ ಆವೃತ್ತಿಯ ಯಂತ್ರ ಇನ್ನು ಮುಂದೆ ಪಾಸ್‌ವರ್ಡ್ ಇಲ್ಲದ ‘ಗೆಸ್ಟ್’ ಆಗಿ ಯಾವ ಸರ್ವರ್‌ನೊಳಗೂ ಹೋಗುವುದಿಲ್ಲ. ಜೊತೆಗೆ, ಸರ್ವರ್‌ನಿಂದ ಬರುವ ಪ್ರತಿ ಸಂದೇಶದ ಮೇಲೂ ಗಣಿತದ ಸಹಿ ಇರಲೇಬೇಕೆಂದು ಕೇಳುತ್ತದೆ. ಎರಡೂ ನಿಯಮಗಳ ಬುಡ ಒಂದೇ. ಆ ಸಹಿಗೆ ಬೇಕಾದ ಕೀಲಿ ಹುಟ್ಟುವುದು ಬಳಕೆದಾರರ ಪಾಸ್‌ವರ್ಡ್‌ನಿಂದ. ಗೆಸ್ಟ್‌ಗೆ ಪಾಸ್‌ವರ್ಡ್ ಇಲ್ಲ, ಹಾಗಾಗಿ ಕೀಲಿ ಇಲ್ಲ, ಹಾಗಾಗಿ ಸಹಿಯೂ ಇಲ್ಲ. ಸಹಿ ಇಲ್ಲದಿದ್ದರೆ ಎದುರಿಗಿರುವುದು ನಿಜವಾಗಿಯೂ ಮೂಲೆಯ ಸರ್ವರೋ, ನಡುವೆ ಸೇರಿಕೊಂಡ ಯಾರೋ ಎಂದು ತಿಳಿಯುವ ದಾರಿಯಿಲ್ಲ. ಎಂಟರ್‌ಪ್ರೈಸ್ ಆವೃತ್ತಿಯಲ್ಲಿ ಗೆಸ್ಟ್ ಪ್ರವೇಶ 2017ರಲ್ಲೇ ನಿಂತಿತ್ತು. ಸಣ್ಣ ಕಚೇರಿಗಳ ಪ್ರೊಗೆ ಅದು ಬರಲು ಏಳು ವರ್ಷ ಹಿಡಿಯಿತು.

ನಮ್ಮ ಸಣ್ಣ ಕಚೇರಿಗಳ ಶೇರಿಂಗ್ ಎಷ್ಟೋ ಕಡೆ ನಿಂತಿದ್ದದ್ದು ಈ ಗೆಸ್ಟ್ ಪ್ರವೇಶದ ಮೇಲೆಯೇ. ಫೋಲ್ಡರ್ ಮೇಲೆ ರೈಟ್ ಕ್ಲಿಕ್, ‘ಎವ್ರಿಒನ್’, ‘ಫುಲ್ ಕಂಟ್ರೋಲ್’, ಪಾಸ್‌ವರ್ಡ್ ಪ್ರೊಟೆಕ್ಷನ್ ಆಫ್. ಟ್ಯಾಲಿ ಓಡಿತು, ಬಿಲ್ ಬಂತು, ಎಲ್ಲರೂ ಖುಷಿ. ಹೊಸ ಪ್ರೊ ಯಂತ್ರ ಇಂಥ ಸರ್ವರ್ ಬಾಗಿಲಿಗೆ ಬಂದಾಗ ಪರದೆ ಮೇಲೆ ಏಳುವ ಇಂಗ್ಲಿಷ್ ಸಂದೇಶದ ಸಾರಾಂಶ ಹೀಗೆ: ನಿಮ್ಮ ಸಂಸ್ಥೆಯ ಭದ್ರತಾ ನೀತಿಯು ಗುರುತಿಲ್ಲದ ಅತಿಥಿ ಪ್ರವೇಶವನ್ನು ತಡೆದಿರುವುದರಿಂದ ಈ ಫೋಲ್ಡರ್ ತೆರೆಯಲಾಗದು. ಮೂರು ಜನ ಕೂರುವ ಅಡಿಕೆ ಮಂಡಿಗೆ ಎಂಥ ಸಂಸ್ಥೆ, ಯಾವ ನೀತಿ? ನೀತಿ ಮಾಡಿದ್ದು ಅಮೆರಿಕದ ರೆಡ್ಮಂಡ್‌ನಲ್ಲಿರುವ ಮೈಕ್ರೋಸಾಫ್ಟ್; ಅದನ್ನು ಮಂಡಿಯವರ ತಲೆಗೆ ಕಟ್ಟಿ, ಮುಂದೇನು ಮಾಡಬೇಕೆಂದು ಒಂದು ಸಾಲೂ ಹೇಳದ ಸಂದೇಶವಿದು. ನಿಯಮ ಸರಿ, ಹೇಳಿದ ರೀತಿ ಕೆಟ್ಟದ್ದು.

ಪಾಸ್‌ವರ್ಡ್ ಕೇಳುವ ಚೌಕ ಬಂದರೂ ಕಷ್ಟ ತಪ್ಪದು. ಲೆಕ್ಕ ನೋಡುವ ಅಕ್ಕ ಹೊಸ ಲ್ಯಾಪ್‌ಟಾಪನ್ನು ಪ್ರತಿದಿನ ನಾಲ್ಕಂಕಿಯ ಪಿನ್ ಒತ್ತಿ ತೆರೆಯುತ್ತಾರೆ. ಸರ್ವರ್ ‘ಯೂಸರ್‌ನೇಮ್, ಪಾಸ್‌ವರ್ಡ್’ ಎಂದು ಕೇಳಿದಾಗ ಸಹಜವಾಗಿ ಅದೇ ನಾಲ್ಕಂಕಿ ಒತ್ತುತ್ತಾರೆ. ತಪ್ಪು ಎನ್ನುತ್ತದೆ. ಕ್ಯಾಪ್ಸ್ ಲಾಕ್ ನೋಡಿ, ನಿಧಾನಕ್ಕೆ ಮತ್ತೆ ಒತ್ತುತ್ತಾರೆ. ಮತ್ತೂ ತಪ್ಪು. ‘ಈಗ ತಾನೇ ಇದೇ ನಂಬರ್ ಹಾಕಿ ಒಳಗೆ ಬಂದೆನಲ್ಲ!’ ಆ ಪಿನ್ ಹುಟ್ಟಿದ್ದು ಆ ಲ್ಯಾಪ್‌ಟಾಪಿನೊಳಗೆ, ಉಳಿಯುವುದೂ ಅದರ ಚಿಪ್‌ನಲ್ಲೇ. ಸರ್ವರ್‌ಗೆ ಅದರ ಗಂಧಗಾಳಿಯೂ ಇಲ್ಲ. ಸರ್ವರ್ ಕೇಳುತ್ತಿರುವುದು ತನ್ನಲ್ಲಿರುವ ಖಾತೆಯ ಹೆಸರು, ಅದರ ಪಾಸ್‌ವರ್ಡ್. ಸರ್ವರ್‌ನಲ್ಲಿರುವ ಖಾತೆಗೆ ಪಾಸ್‌ವರ್ಡೇ ಇಲ್ಲದಿದ್ದರೆ? ಆಗಲೂ ಬಾಗಿಲು ತೆರೆಯದು. ಪಾಸ್‌ವರ್ಡ್ ಇಲ್ಲದ ಖಾತೆಯಿಂದ ಯಂತ್ರದ ಮುಂದೆ ಕೂತು ಕೆಲಸ ಮಾಡಬಹುದು, ನೆಟ್‌ವರ್ಕ್ ಮೂಲಕ ಒಳಬರಲಾಗದು ಎಂಬುದು ವಿಂಡೋಸ್ ಎಕ್ಸ್‌ಪಿ ಕಾಲದಿಂದ ಇರುವ ನಿಯಮ.

ಪರಿಹಾರ ಅಗ್ಗದ್ದೂ ಹೌದು, ಸರಳವೂ ಹೌದು. ಸರ್ವರ್ ಎನಿಸಿಕೊಂಡ ಯಂತ್ರದಲ್ಲಿ ಪ್ರತಿಯೊಬ್ಬರಿಗೂ ಒಂದೊಂದು ಲೋಕಲ್ ಖಾತೆ, ಒಂದೊಂದು ಪಾಸ್‌ವರ್ಡ್. ಹಂಚಿದ ಫೋಲ್ಡರ್‌ನಿಂದ ‘ಎವ್ರಿಒನ್’ ತೆಗೆದು ಆ ಹೆಸರುಗಳಿಗೆ ಮಾತ್ರ ಅನುಮತಿ. ಅನುಮತಿ ಎರಡು ಕಡೆ ಇರುತ್ತದೆ ಎಂಬುದು ಮರೆತುಹೋಗುವ ಸಂಗತಿ: ಶೇರಿಂಗ್ ಪುಟದಲ್ಲೊಂದು, ಸೆಕ್ಯುರಿಟಿ ಪುಟದಲ್ಲೊಂದು. ಎರಡರಲ್ಲಿ ಯಾವುದು ಬಿಗಿಯೋ ಅದೇ ನಡೆಯುತ್ತದೆ. ಹೊಸ ಕಂಪ್ಯೂಟರ್‌ನಲ್ಲಿ ಒಂದು ಸಲ ಹೆಸರು, ಪಾಸ್‌ವರ್ಡ್ ಕೊಟ್ಟು ನೆನಪಿಟ್ಟುಕೊಳ್ಳುವಂತೆ ಟಿಕ್ ಮಾಡಿದರೆ ದಿನಾ ಕೇಳುವುದಿಲ್ಲ. ಐದಾರು ಜನರ ಕಚೇರಿಯಲ್ಲಿ ಒಂದು ಮಧ್ಯಾಹ್ನ ಸಾಕು.

ಆದರೆ ಆ ಮಧ್ಯಾಹ್ನ ಯಾರಿಗೂ ಬೇಡ. ತಿಂಗಳ 11ಕ್ಕೆ ಜಿಎಸ್‌ಟಿಆರ್-1, 20ಕ್ಕೆ 3ಬಿ. ಹೊಸ ಯಂತ್ರ ಸಂಜೆಯೊಳಗೆ ಓಡಬೇಕು. ಯೂಟ್ಯೂಬ್ ವೀಡಿಯೊ ಒಂದು ಸಿಗುತ್ತದೆ. ರಿಜಿಸ್ಟ್ರಿಯಲ್ಲಿ ಒಂದೆರಡು ಸಾಲು ಬದಲಿಸಿ ಗೆಸ್ಟ್ ಪ್ರವೇಶವನ್ನು ಮತ್ತೆ ತೆರೆಯಿರಿ, ಸಹಿಯ ಕಡ್ಡಾಯವನ್ನು ತೆಗೆಯಿರಿ, ಎಸ್‌ಎಂಬಿ 1 ಆನ್ ಮಾಡಿ, ಫೈರ್‌ವಾಲ್ ಆಫ್ ಮಾಡಿ. ಇಷ್ಟೂ ಮಾಡಿದರೆ ಸರ್ವರ್ ಪಟ್ಟನೆ ಬರುತ್ತದೆ. ವೀಡಿಯೊ ಕೆಳಗೆ ಧನ್ಯವಾದಗಳ ಸುರಿಮಳೆ. (ಗ್ರೂಪ್ ಪಾಲಿಸಿ ಪುಟ ತೆರೆಯಿರಿ ಎಂಬ ಸಲಹೆ ನಂಬಿ ಅರ್ಧ ದಿನ ಹುಡುಕಿ ಸೋತ ಹೋಮ್ ಆವೃತ್ತಿಯವರು ಬೇಸರಪಡಬೇಕಿಲ್ಲ, ಅವರ ವಿಂಡೋಸ್‌ನಲ್ಲಿ ಆ ಪುಟವೇ ಇಲ್ಲ.)

ಎಸ್‌ಎಂಬಿ 1ರ ಇತಿಹಾಸ ಗೊತ್ತಿದ್ದವರು ಅದನ್ನು ಆನ್ ಮಾಡಲು ಕೈ ಹಿಂದೆಗೆಯುತ್ತಾರೆ. ಫೈಲ್ ಹಂಚಿಕೊಳ್ಳುವ ಈ ಪದ್ಧತಿಯನ್ನು 1983ರಲ್ಲಿ ಐಬಿಎಂನ ಬ್ಯಾರಿ ಫೈಗೆನ್‌ಬಾಮ್ ರೂಪಿಸಿದರು. ಆಫೀಸಿನೊಳಗಿನ ತಂತಿಯ ಮೇಲೆ ಕಳ್ಳರು ಇರಬಹುದು ಎಂಬ ಯೋಚನೆಯೇ ಇಲ್ಲದ ಕಾಲ ಅದು. 2016ರಲ್ಲಿ ಮೈಕ್ರೋಸಾಫ್ಟ್‌ನಲ್ಲಿ ಈ ವಿಭಾಗದ ಹೊಣೆ ಹೊತ್ತಿದ್ದ ನೆಡ್ ಪೈಲ್, ಎಸ್‌ಎಂಬಿ 1 ಬಳಸುವುದನ್ನು ನಿಲ್ಲಿಸಿ ಎಂದು ಬಹಿರಂಗವಾಗಿಯೇ ಬರೆದರು. ಕೇಳಿದವರು ಕಡಿಮೆ. 2017ರ ಮೇ 12ರಂದು ವನ್ನಾಕ್ರೈ ಹರಡಿತು. ಅದು ನುಗ್ಗಿದ್ದು ಈ ಎಸ್‌ಎಂಬಿ 1ರ ಬಿರುಕಿನಿಂದಲೇ. ಬಿರುಕು ಮುಚ್ಚುವ ತೇಪೆಯನ್ನು ಮೈಕ್ರೋಸಾಫ್ಟ್ ಎರಡು ತಿಂಗಳ ಹಿಂದೆ, ಮಾರ್ಚ್ 14ಕ್ಕೇ ಕೊಟ್ಟಿತ್ತು. ಹಾಕಿಕೊಳ್ಳದ ಯಂತ್ರಗಳು ಸಿಕ್ಕಿಬಿದ್ದವು. ಬ್ರಿಟನ್ನಿನ ಸರ್ಕಾರಿ ಆಸ್ಪತ್ರೆಗಳಲ್ಲಿ ಸಾವಿರಾರು ರೋಗಿಗಳ ಅಪಾಯಿಂಟ್‌ಮೆಂಟ್ ರದ್ದಾದವು. ಅದೇ ವರ್ಷದ ಅಕ್ಟೋಬರ್‌ನಿಂದ ವಿಂಡೋಸ್ 10ರ ಹೊಸ ಪ್ರತಿಗಳಲ್ಲಿ ಎಸ್‌ಎಂಬಿ 1 ತಾನಾಗಿ ಬರುವುದು ನಿಂತಿತು.

ಇದರ ಬಿಸಿ ಕಚೇರಿಗಳಿಗೆ ತಟ್ಟಿದ್ದು ಜೆರಾಕ್ಸ್ ಮೆಷಿನ್ ಮೂಲಕ. ಸ್ಕ್ಯಾನ್ ಮಾಡಿದ ಕಾಗದವನ್ನು ನೇರವಾಗಿ ಸರ್ವರ್ ಫೋಲ್ಡರ್‌ಗೆ ಕಳಿಸುವ ದೊಡ್ಡ ಮೆಷಿನ್‌ಗಳಲ್ಲಿ ಹಳೆಯವಕ್ಕೆ ಎಸ್‌ಎಂಬಿ 1 ಬಿಟ್ಟು ಬೇರೆ ಮಾತು ಬರದು. ಸರ್ವರ್ ಜಾಗಕ್ಕೆ ಹೊಸ ಕಂಪ್ಯೂಟರ್ ಬಂದ ದಿನವೇ ಸ್ಕ್ಯಾನ್ ನಿಲ್ಲುತ್ತದೆ. ಮೆಷಿನ್‌ನವರು ಕಂಪ್ಯೂಟರ್‌ನವರನ್ನು ತೋರಿಸುತ್ತಾರೆ, ಕಂಪ್ಯೂಟರ್‌ನವರು ಮೆಷಿನ್‌ನವರನ್ನು. ಒಂದು ಮೆಷಿನ್‌ಗೋಸ್ಕರ ಇಡೀ ಕಚೇರಿಯ ಲೆಕ್ಕವಿರುವ ಸರ್ವರ್‌ನಲ್ಲಿ ಎಸ್‌ಎಂಬಿ 1 ತೆರೆಯುವುದಕ್ಕಿಂತ, ಸ್ಕ್ಯಾನ್ ಆದದ್ದನ್ನು ಇಮೇಲ್‌ಗೋ ಪೆನ್‌ಡ್ರೈವ್‌ಗೋ ಕಳಿಸುವ ಹಾಗೆ ಮಾಡಿಕೊಳ್ಳುವುದು ಲೇಸು. ಮೆಷಿನ್‌ಗೆ ಹೊಸ ಫರ್ಮ್‌ವೇರ್ ಬಂದಿದ್ದರೆ ಇನ್ನೂ ಒಳ್ಳೆಯದು.

‘ನಮ್ಮಂಥ ಸಣ್ಣವರ ಮೇಲೆ ಯಾರು ಕಣ್ಣು ಹಾಕ್ತಾರೆ’ ಎಂಬುದು ಎಲ್ಲ ಅಂಗಡಿಗಳಲ್ಲೂ ಕೇಳುವ ಮಾತು. ಕಣ್ಣು ಹಾಕುವುದು ಬೇಕಿಲ್ಲ. ರ‍್ಯಾನ್ಸಮ್‌ವೇರ್ ಹೆಸರು ನೋಡಿ ಬರುವುದಿಲ್ಲ, ತೆರೆದದ್ದು ಎಲ್ಲಿದೆ ಎಂದು ನೋಡಿ ಬರುತ್ತದೆ. ಫೋಲ್ಡರ್ ಹಂಚಿ ಲೆಕ್ಕ ಬರೆಯುವ ಕಡೆ ಎಲ್ಲ ಯಂತ್ರಗಳಿಗೂ ಆ ಫೋಲ್ಡರ್‌ನಲ್ಲಿ ಬರೆಯುವ ಅನುಮತಿ ಇರುತ್ತದೆ. ಹಾಗಾಗಿ ಒಬ್ಬರು ತೆರೆದ ಒಂದು ಕೆಟ್ಟ ಅಟ್ಯಾಚ್‌ಮೆಂಟ್ ಸರ್ವರ್‌ನ ಡೇಟಾವನ್ನೂ ಬೀಗ ಹಾಕಿ ಕೂರಿಸಬಲ್ಲದು. ಬ್ಯಾಕಪ್ ಕೂಡ ಅದೇ ಫೋಲ್ಡರ್ ಪಕ್ಕದಲ್ಲೇ ಇದ್ದರೆ ಅದೂ ಹೋಯಿತು. 2022ರ ನವೆಂಬರ್ 23ರಂದು ದೆಹಲಿಯ ಏಮ್ಸ್‌ನ ಸರ್ವರ್‌ಗಳು ಹೀಗೆ ಬೀಗ ಬಿದ್ದಾಗ ಆಸ್ಪತ್ರೆ ದಿನಗಟ್ಟಲೆ ಕೈಬರಹದಲ್ಲಿ ನಡೆಯಿತು. ನೆಟ್‌ವರ್ಕನ್ನು ಸರಿಯಾಗಿ ಭಾಗ ಮಾಡಿ ಬೇರ್ಪಡಿಸದಿದ್ದದ್ದು ಕಾರಣವೆಂದು ಸರ್ಕಾರವೇ ಸಂಸತ್ತಿಗೆ ಹೇಳಿತು. ಅಂಥ ಸಂಸ್ಥೆಯೇ ಹಾಗಾದರೆ ‘ಎವ್ರಿಒನ್, ಫುಲ್ ಕಂಟ್ರೋಲ್’ ಎಂದು ಬಿಟ್ಟ ಮಂಡಿಯ ಗತಿ ಏನು?

ಕೆಲವೊಮ್ಮೆ ಪಾಸ್‌ವರ್ಡ್ ಸರಿ, ವಿಳಾಸ ಸರಿ, ಅನುಮತಿ ಸರಿ. ಆದರೂ ಒಳಗೆ ಬಿಡುವುದಿಲ್ಲ. 2025ರ ಆಗಸ್ಟ್ ಕೊನೆಯ ವಾರದಿಂದ ಬಂದ ವಿಂಡೋಸ್ ಅಪ್‌ಡೇಟ್‌ಗಳ ನಂತರ ಇಂಥದೊಂದು ವಿಚಿತ್ರ ತೊಂದರೆ ಕಾಣಿಸಿಕೊಂಡಿತು. ಕಾರಣ ಅಂಗಡಿಗಳ ಹಳೆಯ ಅಭ್ಯಾಸ. ಐದು ಯಂತ್ರಗಳ ಆರ್ಡರ್ ಬಂದರೆ ಒಂದಕ್ಕೆ ವಿಂಡೋಸ್, ಆಫೀಸ್, ನುಡಿ, ಟ್ಯಾಲಿ ಎಲ್ಲ ಹಾಕಿ, ಆ ಡಿಸ್ಕನ್ನೇ ಉಳಿದ ನಾಲ್ಕಕ್ಕೆ ನಕಲು ಹೊಡೆಯುವುದು. ಇದಕ್ಕೆ ‘ಘೋಸ್ಟ್ ಹಾಕುವುದು’ ಎನ್ನುತ್ತಾರೆ. ನಕಲಿನ ಜೊತೆ ಯಂತ್ರದ ಒಳಗುರುತಿನ ಸಂಖ್ಯೆಯೂ, ಅಂದರೆ ಎಸ್‌ಐಡಿ, ನಕಲಾಗುತ್ತದೆ. ವರ್ಷಗಳ ಕಾಲ ಇದರಿಂದ ಏನೂ ಆಗಲಿಲ್ಲ. ಮೈಕ್ರೋಸಾಫ್ಟ್‌ನ ಮಾರ್ಕ್ ರುಸಿನೊವಿಚ್ 2009ರಲ್ಲಿ, ಎಸ್‌ಐಡಿ ಒಂದೇ ಆದರೆ ಅಪಾಯ ಎಂಬುದು ಬರೀ ನಂಬಿಕೆ ಎಂದು ಬರೆದು, ಅದನ್ನು ಬದಲಿಸಲು ತಾವೇ ಮಾಡಿದ್ದ ಸಲಕರಣೆಯನ್ನೂ ಹಿಂತೆಗೆದುಕೊಂಡಿದ್ದರು. ಈಗ 24ಎಚ್2, 25ಎಚ್2 ಮತ್ತು ಸರ್ವರ್ 2025ರಲ್ಲಿ ಎರಡೂ ಕಡೆ ಒಂದೇ ಎಸ್‌ಐಡಿ ಕಂಡರೆ ವಿಂಡೋಸ್ ಗುರುತು ಒಪ್ಪುವುದಿಲ್ಲ. ಒಟ್ಟಿಗೆ ಕೊಂಡ ಹೊಸ ಯಂತ್ರಗಳಲ್ಲಿ ಒಂದನ್ನೇ ಸರ್ವರ್ ಮಾಡಿಕೊಂಡ ಕಚೇರಿಗಳು ಇದರಲ್ಲಿ ಸಿಕ್ಕಿಕೊಳ್ಳಬಹುದು. ನಕಲು ಹೊಡೆಯುವ ಮೊದಲು ಸಿಸ್‌ಪ್ರೆಪ್ ಓಡಿಸಿದ್ದರೆ ಪ್ರತಿ ಯಂತ್ರಕ್ಕೂ ಬೇರೆ ಗುರುತು ಸಿಗುತ್ತಿತ್ತು. ಅದು ಮೈಕ್ರೋಸಾಫ್ಟ್ ಮೊದಲಿನಿಂದ ಹೇಳುತ್ತ ಬಂದ ಕ್ರಮವೇ. ಅಂಗಡಿಗೆ ಹತ್ತು ನಿಮಿಷ ಉಳಿತಾಯ, ಕಚೇರಿಗೆ ವಾರದ ತಲೆನೋವು.

ಪ್ರೆಸ್‌ಗಳಲ್ಲಿ, ಹಳೆಯ ಡಿಟಿಪಿ ಕೇಂದ್ರಗಳಲ್ಲಿ ಇನ್ನೊಂದು ಬಗೆಯ ದೂರು ಬರುತ್ತದೆ: ಸರ್ವರ್ ತೆರೆಯಿತು, ಫೈಲೂ ತೆರೆಯಿತು, ಒಳಗೆ ಕನ್ನಡದ ಬದಲು ಅರ್ಥವಿಲ್ಲದ ರೋಮನ್ ಅಕ್ಷರಗಳ ರಾಶಿ. ‘ನೆಟ್‌ವರ್ಕ್‌ನಲ್ಲಿ ಫೈಲ್ ಕರಪ್ಟ್ ಆಗಿದೆ’ ಎಂದು ಗಾಬರಿ. ಏನೂ ಆಗಿರುವುದಿಲ್ಲ. ಯೂನಿಕೋಡ್‌ಗೆ ಮುಂಚಿನ ನುಡಿಯಲ್ಲಿ ಟೈಪ್ ಮಾಡಿದ ಮ್ಯಾಟರ್‌ಗೆ ಅದೇ ಫಾಂಟ್ ಬೇಕು, ಹೊಸ ಯಂತ್ರದಲ್ಲಿ ಅದು ಇಲ್ಲ. ಫಾಂಟ್ ಹಾಕಿದರೆ ಅಕ್ಷರ ಮರಳಿ ಬರುತ್ತದೆ.

ಸ್ವಲ್ಪ ದೊಡ್ಡ ಕಚೇರಿಗಳದ್ದು ಬೇರೆ ಕಥೆ. ಮೂವತ್ತು ನಲವತ್ತು ಜನರಿರುವ ಆಡಿಟರ್ ಸಂಸ್ಥೆ, ಆಸ್ಪತ್ರೆ, ಪತ್ತಿನ ಸಹಕಾರ ಸಂಘಗಳಲ್ಲಿ ನಿಜವಾದ ವಿಂಡೋಸ್ ಸರ್ವರ್, ಎಲ್ಲರ ಖಾತೆಗಳನ್ನು ಒಂದೇ ಕಡೆಯಿಂದ ನೋಡಿಕೊಳ್ಳುವ ಡೊಮೈನ್ ಇರುತ್ತದೆ. ಅಲ್ಲಿ ಹೊಸ ಲ್ಯಾಪ್‌ಟಾಪನ್ನು ಡೊಮೈನ್‌ಗೆ ಸೇರಿಸಲು ಹೋದಾಗ ಆ ಆಯ್ಕೆಯೇ ಕಾಣದಿದ್ದರೆ ಕೊಂಡದ್ದು ಹೋಮ್ ಆವೃತ್ತಿ ಎಂದರ್ಥ. ಹೋಮ್‌ಗೆ ಡೊಮೈನ್ ಸೇರಲು ಬರುವುದಿಲ್ಲ, ಪ್ರೊಗೆ ಏರಿಸಲು ಮತ್ತೆ ದುಡ್ಡು. ಆಯ್ಕೆ ಕಂಡು, ‘ಡೊಮೈನ್ ಕಂಟ್ರೋಲರ್ ಸಿಗುತ್ತಿಲ್ಲ’ ಎಂದರೆ ಮೊದಲ ಅನುಮಾನ ಡಿಎನ್‌ಎಸ್ ಮೇಲೆ. ಇಂಟರ್‌ನೆಟ್ ಚುರುಕಾಗಲಿ ಎಂದು ಯಾರೋ 8.8.8.8 ಹಾಕಿರುತ್ತಾರೆ. ಅದು ಗೂಗಲ್‌ನ ಸಾರ್ವಜನಿಕ ಡಿಎನ್‌ಎಸ್. ಜಗತ್ತಿನ ಜಾಲತಾಣಗಳೆಲ್ಲ ಅದಕ್ಕೆ ಗೊತ್ತು, ಈ ಕಚೇರಿಯ ಮೂಲೆಯಲ್ಲಿರುವ ಸರ್ವರ್‌ನ ಹೆಸರು ಹೇಗೆ ಗೊತ್ತಿರಬೇಕು? ಹೊಸ ಯಂತ್ರದ ಡಿಎನ್‌ಎಸ್ ಸಾಲಿನಲ್ಲಿ ಡೊಮೈನ್ ಕಂಟ್ರೋಲರ್‌ನ ವಿಳಾಸವೇ ಇರಬೇಕು. ಗಡಿಯಾರವನ್ನೂ ನೋಡಬೇಕು. ಎರಡು ಯಂತ್ರಗಳ ಸಮಯ ಐದು ನಿಮಿಷಕ್ಕಿಂತ ಹೆಚ್ಚು ಆಚೀಚೆ ಆದರೆ ಕರ್ಬರಾಸ್ ಎಂಬ ಗುರುತು ಪರೀಕ್ಷೆ ಸೋಲುತ್ತದೆ. ಹಳೆಯ ಸರ್ವರ್‌ನ ಮದರ್‌ಬೋರ್ಡ್ ಮೇಲಿನ ನಾಣ್ಯದಷ್ಟು ಗಾತ್ರದ ಬ್ಯಾಟರಿ ಸತ್ತು, ಅದರ ಸಮಯ ಎಲ್ಲೋ ಹೋಗಿರುತ್ತದೆ. ಬೈಯಿಸಿಕೊಳ್ಳುವುದು ಹೊಸ ಲ್ಯಾಪ್‌ಟಾಪ್.

ಸಣ್ಣ ವ್ಯಾಪಾರಕ್ಕೆ ಇದನ್ನೆಲ್ಲ ಸಲೀಸು ಮಾಡಿಕೊಡಲು ಆಗದೆಂದಲ್ಲ. ಮೈಕ್ರೋಸಾಫ್ಟೇ ಒಮ್ಮೆ ಮಾಡಿತ್ತು. ಸ್ಮಾಲ್ ಬಿಸಿನೆಸ್ ಸರ್ವರ್ ಎಂಬ ಅದರ ಉತ್ಪನ್ನ 75 ಬಳಕೆದಾರರವರೆಗಿನ ಕಚೇರಿಗಳಿಗೆಂದೇ ಇತ್ತು. ಅದರ 2008, 2011ರ ಆವೃತ್ತಿಗಳಲ್ಲಿ ಹೊಸ ಕಂಪ್ಯೂಟರ್‌ನ ಬ್ರೌಸರ್‌ನಲ್ಲಿ ‘ಕನೆಕ್ಟ್’ ಎಂಬ ಒಂದು ಪದದ ವಿಳಾಸ ಹೊಡೆದರೆ ಪುಟ ತೆರೆದು, ಯಂತ್ರ ಯೋಗ್ಯವೇ ಎಂದು ನೋಡಿ, ಬಳಕೆದಾರರ ಹೆಸರು ಕೇಳಿ, ಡೊಮೈನ್‌ಗೆ ತಾನೇ ಸೇರಿಸುತ್ತಿತ್ತು. ಅದೂ ಕೈಕೊಡುತ್ತಿತ್ತು, ಆದರೆ ಕೈಕೊಟ್ಟಾಗ ಎಲ್ಲಿ ಎಂದು ಗೊತ್ತಾಗುತ್ತಿತ್ತು. 2012ರಲ್ಲಿ ಆ ಸಾಲನ್ನು ನಿಲ್ಲಿಸುವ ಘೋಷಣೆ ಬಂತು. ಅದರ ಜಾಗಕ್ಕೆ ಬಂದ 25 ಜನರ ಎಸೆನ್ಷಿಯಲ್ಸ್‌ನಲ್ಲೂ ಜೋಡಿಸಿಕೊಡುವ ಸಲಕರಣೆ 2019ರ ಆವೃತ್ತಿಯಿಂದ ಮಾಯ. ಕ್ಲೌಡ್‌ಗೆ ಬನ್ನಿ, ತಿಂಗಳು ತಿಂಗಳು ಕಟ್ಟಿ ಎಂಬುದು ಈಗಿನ ಕರೆ. ಬಂದವರಿಗೆ ಅನುಕೂಲವೂ ಇದೆ. ಆದರೆ ಡೇಟಾ ಕಣ್ಣೆದುರಿನ ಪೆಟ್ಟಿಗೆಯಲ್ಲಿರಲಿ ಎನ್ನುವ, ದಿನಕ್ಕೆರಡು ಸಲ ಫೈಬರ್ ಕಡಿಯುವ ಊರಿನ ವ್ಯಾಪಾರಿಯನ್ನು ನಡುನೀರಿನಲ್ಲಿ ಬಿಟ್ಟು, ಬಾಗಿಲ ನಿಯಮ ಮಾತ್ರ ಬಿಗಿ ಮಾಡುವುದು ನ್ಯಾಯವಲ್ಲ.

ಮಾರುವವರ ಪಾಲೂ ಇದೆ. ಬಿಲ್‌ನಲ್ಲಿ ‘ಲ್ಯಾಪ್‌ಟಾಪ್ ಒಂದು’ ಎಂದು ಬರೆದು ಕೈತೊಳೆದುಕೊಳ್ಳುವಂತಿಲ್ಲ. ಹೋಮೋ ಪ್ರೊನೋ, ಲ್ಯಾನ್ ಜಾಗ ಇದೆಯೋ ಇಲ್ಲವೋ ಎಂಬುದನ್ನು ಕೊಳ್ಳುವ ಮೊದಲೇ ಹೇಳಬೇಕು. ಕಚೇರಿಗೆ ಮಾರಿದ ಯಂತ್ರವನ್ನು ಅಲ್ಲಿನ ಸರ್ವರ್‌ಗೆ ಜೋಡಿಸಿ, ಬಳಸುವವರ ಹೆಸರಿನಲ್ಲೇ ಲಾಗಿನ್ ಆಗಿ, ಒಂದು ಬಿಲ್ ಹೊಡೆದು ತೋರಿಸುವುದು ಮಾರಾಟದ ಭಾಗವಾಗಬೇಕು. ಅದಕ್ಕೆ ತಕ್ಕ ಕೂಲಿಯನ್ನು ಧಣಿಗಳು ಮುಖ ಸಿಂಡರಿಸದೆ ಕೊಡಬೇಕು. ಒಂದು ಭೇಟಿಗೆ ಇಂತಿಷ್ಟು ಎಂದು ಚಿಲ್ಲರೆ ಕೊಟ್ಟು ಕಳಿಸಿದರೆ ಸರ್ವಿಸ್ ಹುಡುಗ ಎಲ್ಲಕ್ಕಿಂತ ಬೇಗ ಮುಗಿಯುವ ದಾರಿಯನ್ನೇ ಹಿಡಿಯುತ್ತಾನೆ. ಆ ದಾರಿ ಯಾವುದೆಂದು ಮೇಲೆ ಹೇಳಿಯಾಗಿದೆ. ಅವನೊಬ್ಬನನ್ನು ಬೈದು ಫಲವಿಲ್ಲ.

ಧಣಿಗಳು ಮಾಡಬೇಕಾದ ಕೆಲಸ ಒಂದು ಹಾಳೆಯಷ್ಟು. ಸರ್ವರ್‌ನ ಹೆಸರು, ಅದರ ವಿಳಾಸ, ರೂಟರ್ ಯಾವುದು, ಯಾರಿಗೆ ಯಾವ ಖಾತೆ, ಟ್ಯಾಲಿ ಡೇಟಾ ಇರುವ ಜಾಗ, ಬ್ಯಾಕಪ್ ಯಾವ ಡಿಸ್ಕ್‌ನಲ್ಲಿ, ಆ ಡಿಸ್ಕನ್ನು ಕೊನೆಯ ಸಲ ಬಿಚ್ಚಿಟ್ಟದ್ದು ಯಾವಾಗ. ಪಾಸ್‌ವರ್ಡ್‌ಗಳನ್ನು ಬೇರೆ ಬರೆದು ತಿಜೋರಿಯಲ್ಲಿಡಬಹುದು. ಬಹಳ ಕಡೆ ಈ ಮಾಹಿತಿ ಇರುವುದು ಯಾವಾಗಲೋ ಕೆಲಸ ಬಿಟ್ಟುಹೋದ ಹುಡುಗನ ತಲೆಯಲ್ಲಿ ಮಾತ್ರ. ಅವನ ನಂಬರ್ ಹುಡುಕುವುದರಲ್ಲೇ ಹೊಸ ಯಂತ್ರದ ಮೊದಲ ದಿನ ಕಳೆಯುತ್ತದೆ.

ಇದು ಇಲ್ಲಿಗೆ ಮುಗಿಯುವ ಬದಲಾವಣೆಯೂ ಅಲ್ಲ. ಡೊಮೈನ್ ಇಲ್ಲದ ಸಣ್ಣ ಕಚೇರಿಗಳಲ್ಲಿ ಇಂದು ಪಾಸ್‌ವರ್ಡ್ ಪರೀಕ್ಷೆ ನಡೆಯುವುದು ಎನ್‌ಟಿಎಲ್‌ಎಂ ಎಂಬ ಹಳೆಯ ಪದ್ಧತಿಯಲ್ಲಿ. ಅದನ್ನು ಹಂತಹಂತವಾಗಿ ನಿಲ್ಲಿಸುವ ಯೋಜನೆಯನ್ನು ಮೈಕ್ರೋಸಾಫ್ಟ್ 2023ರ ಅಕ್ಟೋಬರ್‌ನಲ್ಲಿ ಪ್ರಕಟಿಸಿತು. ಅದರ ಮೊದಲ ತಲೆಮಾರನ್ನು 24ಎಚ್2ರಲ್ಲಿ ಕಿತ್ತೂ ಹಾಕಿದೆ. ಬದಲಿಗೆ ಡೊಮೈನ್ ಇಲ್ಲದ ಕಡೆಯೂ ಕರ್ಬರಾಸ್ ನಡೆಯುವಂತೆ ಮಾಡುವ ಕೆಲಸ ಸಾಗಿದೆ. ಸರ್ವರ್‌ನ ಹೆಸರು ಬಿಟ್ಟು ಐಪಿ ಅಂಕಿ ಹೊಡೆದು ಒಳಹೋಗುವ ಶಾರ್ಟ್‌ಕಟ್‌ಗಳು ಸಾಮಾನ್ಯವಾಗಿ ನಿಂತಿರುವುದು ಎನ್‌ಟಿಎಲ್‌ಎಂ ಮೇಲೆಯೇ. ಮುಂದಿನ ಸುತ್ತಿನಲ್ಲಿ ಮೊದಲು ಕೈಕೊಡುವವು ಅವೇ ಇರಬಹುದು. ಈ ವರ್ಷ ಎಲ್ಲರ ಫೈಲ್ ಇಡುವ ನಾಸ್ ಪೆಟ್ಟಿಗೆಯನ್ನೋ ಸ್ಕ್ಯಾನ್ ಮಾಡುವ ಹೊಸ ಮೆಷಿನ್ನನ್ನೋ ಕೊಳ್ಳಲು ಹೊರಟವರು ಅಂಗಡಿಯಲ್ಲಿ ಎರಡು ಪ್ರಶ್ನೆ ಕೇಳಬೇಕು: ಇದು ಎಸ್‌ಎಂಬಿ 3 ಮಾತಾಡುತ್ತದೆಯೇ, ಸಹಿ ಹಾಕುತ್ತದೆಯೇ. ಉತ್ತರ ಬಾಯಿಮಾತಿನಲ್ಲಿ ಬಂದರೆ ಸಾಲದು, ಕೊಟೇಶನ್ ಮೇಲೆ ಬರೆಸಿಕೊಳ್ಳಬೇಕು.